ಅಪ್‌ಡೇಟ್: ಮಗಳ ಮೊಣಕೈ ಮತ್ತೆ ಚಾಚುತ್ತಿದೆ

ಮೂರು ವಾರಗಳ ಹಿಂದೆ ಕೇಳಿದ್ದೆ: ದೀಪಾವಳಿಯ ಹಣತೆಯಿಂದ ಫ್ರಾಕಿನ ತೋಳಿಗೆ ಬೆಂಕಿ ಹತ್ತಿ ಸುಟ್ಟುಕೊಂಡ ನನ್ನ ಆರು ವರ್ಷದ ಮಗಳಿಗೆ ಚರ್ಮ ಕಸಿ ಆಗಿದೆ. ಗಾಯ ಮಾಗಿದರೂ ಮೊಣಕೈ ಮಡಚಿಕೊಂಡೇ ಇರುತ್ತದೆ, ರಾತ್ರಿಯಿಡೀ ತುರಿಕೆ, ಕಲೆ ಉಬ್ಬದಂತೆ ಹಾಕುವ ಬಿಗಿ ತೋಳುಡುಪನ್ನು ಕಿತ್ತೆಸೆಯುತ್ತಾಳೆ ಎಂದು.

ಕೈ ಹಿಡಿದದ್ದು ಫಿಸಿಯೋಥೆರಪಿಸ್ಟ್ ಒಬ್ಬರು ಇಲ್ಲಿ ಕೊಟ್ಟ ಸಲಹೆ: ವ್ಯಾಯಾಮ ಎನ್ನದೆ ಆಟ ಆಡಿಸಿ. ಸ್ನಾನದ ನಂತರ ಕೊಬ್ಬರಿ ಎಣ್ಣೆ ತಿಕ್ಕಿ, ಚರ್ಮ ಮೆತ್ತಗಿರುವಾಗಲೇ ಗೋಡೆಗೆ ಸ್ಟಿಕ್ಕರ್ ಅಂಟಿಸುವ ಆಟ. ದಿನವೂ ಸ್ವಲ್ಪ ಮೇಲೆ. ಮಲಗುವಾಗ ಕೈ ನೇರವಾಗಿಡುವ ಸ್ಪ್ಲಿಂಟ್ (ಗಟ್ಟಿ ಆಸರೆಪಟ್ಟಿ). ಕೈ ಮಡಚಿಕೊಂಡರೆ ಮಗುವಿಗೆ ಹಾಯೆನಿಸುತ್ತದೆ, ಆದರೆ ಕಲೆ ಅದೇ ಭಂಗಿಯಲ್ಲಿ ಬಿಗಿದುಕೊಳ್ಳುತ್ತದೆಯಂತೆ. ಅಯ್ಯೋ ಪಾಪ ಎಂದು ದಿಂಬಿನ ಮೇಲೆ ಕೈ ಮಡಚಿ ಮಲಗಿಸುತ್ತಿದ್ದವಳು ನಾನೇ.

ಲೋಳೆಸರ ನಮಗೆ ಆಗಿಬರಲಿಲ್ಲ, ತುರಿಕೆ ಹೆಚ್ಚಾಯಿತು. ವೈದ್ಯರು ಬರೆದುಕೊಟ್ಟ ಸಿರಪ್‌ನಿಂದ ನಿದ್ರೆ ಬರುತ್ತಿದೆ. ತೋಳುಡುಪು ಹಾಕಿಕೊಳ್ಳಲಿ ಎಂದು ತೋರಿಸಿದ ಚಾಕೊಲೇಟ್ ಆಸೆ ಎರಡೇ ದಿನ ನಡೆಯಿತು.

ತೋಳುಡುಪಿನ ವಿಷಯದಲ್ಲಿ ಮಾತ್ರ ಕರುಳು ಚುರುಕ್ ಎಂದಿತು. ಅದು ಹಟವೇ ಅಲ್ಲ. ಅಳತೆ ಚಿಕ್ಕದಾಗಿ ಬೆರಳುಗಳು ಮರಗಟ್ಟುತ್ತಿದ್ದವು! ಹೊಸ ಅಳತೆಯದನ್ನು ಈಗ ದಿನಕ್ಕೆ 23 ಗಂಟೆ ಹಾಕಿಕೊಳ್ಳುತ್ತಾಳೆ. ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು, ಬೆಳೆಯುವ ಮಕ್ಕಳಿಗೆ ಆಗಾಗ ಅಳತೆ ಬದಲಿಸಬೇಕು. ಕಲೆಯ ಚರ್ಮ ಮಗುವಿನಷ್ಟು ಬೇಗ ಬೆಳೆಯದು, ಮುಂದೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದೀತು ಎಂದೂ ವೈದ್ಯರು ಹೇಳಿದ್ದಾರೆ.

ನಿನ್ನೆ ಸ್ಟಿಕ್ಕರ್ ಸ್ವಿಚ್‌ಬೋರ್ಡಿನ ಎತ್ತರ ಮುಟ್ಟಿತು.