ಕಲ್ಲುಮನೆ ಬಳಗದಲ್ಲಿ ನೋವಿನ ಲೆಕ್ಕ

ಸಾವಿತ್ರಿ: (ಹಂಚಿಕೊಂಡ ಸುದ್ದಿ: ತುರ್ತು ಚಿಕಿತ್ಸಾ ಘಟಕದಲ್ಲಿ ಮಹಿಳೆಯರಿಗೆ ನೋವು ನಿವಾರಕ ಕಡಿಮೆ, ಇಸ್ರೇಲ್, ಅಮೆರಿಕದ ಆಸ್ಪತ್ರೆಗಳ ಅಧ್ಯಯನ, 2024)
ಎಲ್ಲರೂ ಓದಿ. ರಾಮಣ್ಣ, ನೀನಂತೂ ಎರಡು ಸಲ ಓದು.

ರಾಮಚಂದ್ರ: ಓದಿದೆ. ಹೆಂಗಸರಿಗೆ ತಾಳಿಕೆ ಹೆಚ್ಚು ಸಾವಿತ್ರಿ. ಹೆರಿಗೆ ನೋವನ್ನೇ ತಡೆದುಕೊಳ್ಳುವವರಿಗೆ ಬೆನ್ನುನೋವು ಯಾವ ಲೆಕ್ಕ? ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

ಸಾವಿತ್ರಿ: ಈ ಹೊಗಳಿಕೆಯಿಂದಲೇ ನಮಗೆ ಮಾತ್ರೆ ತಪ್ಪುವುದು. 20 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದ್ದಾರೆ. ಇಸ್ರೇಲಿನಲ್ಲಿ ನೋವೆಂದು ಬಂದ ಗಂಡಸರಲ್ಲಿ ಶೇ 47 ಮಂದಿಗೆ ಔಷಧ ಬರೆದಿದ್ದಾರೆ, ಹೆಂಗಸರಲ್ಲಿ ಶೇ 38 ಮಂದಿಗೆ.

ರಾಮಚಂದ್ರ: ಗಂಡಸರು ತೀರಾ ತಡೆಯಲಾಗದಿದ್ದಾಗಲೇ ಆಸ್ಪತ್ರೆ ಮೆಟ್ಟಿಲು ಹತ್ತುವುದು. ಹೆಂಗಸರು ಸಣ್ಣದಕ್ಕೂ ಹೋಗುತ್ತಾರೆ.

ಸ್ಮಿತಾ: ದೊಡ್ಡಪ್ಪ, ಈಗಷ್ಟೇ ತಾಳಿಕೆ ಹೆಚ್ಚು ಎಂದಿರಿ! ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ರೋಗಿಗಳೇ ಹೇಳಿದ ನೋವಿನ ಅಂಕ ಒಂದೇ ಇದ್ದಾಗಲೂ ಈ ಅಂತರ ಉಳಿದಿದೆ.
ಆ ಅಂಕ ಹೇಗೆ ದಾಖಲಾಗುತ್ತದೆ ಎಂಬುದನ್ನು ನರ್ಸ್ ಆಗಿ ನಾನು ದಿನವೂ ನೋಡುತ್ತೇನೆ. 0 ಎಂದರೆ ನೋವಿಲ್ಲ, 10 ಎಂದರೆ ಸಹಿಸಲಾಗದ ನೋವು. ಕೇಳಿಯೇ ಬರೆಯಬೇಕು. ಮೊನ್ನೆ ರಾತ್ರಿ ಪಾಳಿಯಲ್ಲಿ ಗರ್ಭಕೋಶದ ಆಪರೇಷನ್ ಆಗಿದ್ದ ಅಜ್ಜಿ “ಸ್ವಲ್ಪ ಇದೆ, ಇರಲಿ ಬಿಡಮ್ಮ” ಎಂದರು. ಚಾರ್ಟಿನಲ್ಲಿ ಆಗಲೇ 2 ಎಂದು ಬಿದ್ದಿತ್ತು. ಅವರ ಕೈ ಮಾತ್ರ ಮಂಚದ ಕಂಬಿಯನ್ನು ಬಿಡುತ್ತಿರಲಿಲ್ಲ. ಒಮ್ಮೆ ಕೆಮ್ಮಿ ಎಂದೆ, ಮಗ್ಗುಲಾಗಿ ಎಂದೆ, ಆಮೇಲೆ ಮತ್ತೆ ಕೇಳಿದೆ. 8 ಎಂದರು. ಅದೇ ರಾತ್ರಿ ಹರ್ನಿಯಾ ಆಪರೇಷನ್ನಿನ ಮೇಷ್ಟ್ರು ಕೂಗಿದ ಕೂಡಲೇ ಇಂಜೆಕ್ಷನ್ ಬಂದಿತ್ತು.

ರಾಮಚಂದ್ರ: ನೋಡು, ಬಾಯಿದ್ದವನು ಬರಗಾಲದಲ್ಲೂ ಬದುಕಿದ. ಹೇಳದಿದ್ದರೆ ಡಾಕ್ಟರಿಗೇನು ಕನಸು ಬೀಳುತ್ತದೆಯೇ?

ವಿನಯ್: ಹೇಳಿದವರಿಗೂ ಸಿಕ್ಕಿಲ್ಲ ದೊಡ್ಡಪ್ಪ. ನಾನಿರುವ ಅಟ್ಲಾಂಟಾದಲ್ಲೇ ಕೈಕಾಲಿನ ಮೂಳೆ ಮುರಿದುಕೊಂಡು ಬಂದವರ ದಾಖಲೆಗಳ ಅಧ್ಯಯನವೊಂದು 2000ದಲ್ಲಿ ಪ್ರಕಟವಾಗಿದೆ. ನೋವಿನ ದೂರು ಬಿಳಿಯರ ಚೀಟಿಯಲ್ಲೂ ಕಪ್ಪುವರ್ಣೀಯರ ಚೀಟಿಯಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ಔಷಧ ಸಿಕ್ಕಿದ್ದು ಬಿಳಿಯರಲ್ಲಿ ಶೇ 74 ಮಂದಿಗೆ, ಕಪ್ಪುವರ್ಣೀಯರಲ್ಲಿ ಶೇ 57 ಮಂದಿಗೆ. ಮುರಿದ ಮೂಳೆಯಲ್ಲಿ ನಾಟಕವಾಡಲು ಏನಿದೆ?
2016ರಲ್ಲಿ ವರ್ಜೀನಿಯಾದಲ್ಲಿ 222 ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ವೈದ್ಯರನ್ನೂ ವಿಚಾರಿಸಿದರು. ಕಪ್ಪುವರ್ಣೀಯರ ಚರ್ಮ ದಪ್ಪ ಎಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ಸುಮಾರು ಅರ್ಧದಷ್ಟು ಮಂದಿ ಒಪ್ಪಿದ್ದರು. ಓದಿದವರು!

ರಾಮಚಂದ್ರ: ಅದು ಅಲ್ಲಿಯ ವರ್ಣಭೇದ, ಒಪ್ಪಿದೆ. ಹೆಂಗಸರ ವಿಷಯದಲ್ಲಿ ಲೇಡಿ ಡಾಕ್ಟರ್ ಇದ್ದರೆ ಮುಗಿಯಿತಲ್ಲ?

ಸಾವಿತ್ರಿ: ಪೂರ್ತಿ ಓದಿಲ್ಲ ನೀನು. ಮಹಿಳಾ ವೈದ್ಯರಲ್ಲೂ ಅದೇ ಅಂತರ. ಹೆರಿಗೆ ವಾರ್ಡಿನಲ್ಲಿ “ಇಷ್ಟಕ್ಕೇ ಕೂಗುತ್ತೀಯಾ” ಎಂದು ನನ್ನನ್ನು ಗದರಿಸಿದವರೂ ಹೆಂಗಸೇ.

ಸ್ಮಿತಾ: ದೊಡ್ಡಪ್ಪ, ಮುಂದಿನ ವಾರ ದೊಡ್ಡಮ್ಮನ ಮಂಡಿ ಆಪರೇಷನ್ ಇದೆ. ಅವರು “ಪರವಾಗಿಲ್ಲ” ಎಂದರೆ ನೀವು ಪೇಪರ್ ಓದುತ್ತಾ ಕೂರಬೇಡಿ. ಫಿಸಿಯೋಥೆರಪಿಯವರು ನಡೆಸುವ ಮುನ್ನ ಅಂಕ ಕೇಳಿಸಿ, ಚಾರ್ಟಿನಲ್ಲಿ ಬರೆಸಿ. ಔಷಧ ಕೊಟ್ಟ ಮೇಲೆ ಮತ್ತೊಮ್ಮೆ ಕೇಳಬೇಕು. ಸಾಮಾನ್ಯವಾಗಿ ತಪ್ಪಿಹೋಗುವುದು ಅದೇ.

ಸರೋಜಾ: ನಾನೂ ಈ ಗುಂಪಿನಲ್ಲಿದ್ದೇನೆ ಸ್ಮಿತಾ. ಕೂತಾಗ 4, ಮೆಟ್ಟಿಲು ಇಳಿಯುವಾಗ 9. ಬರೆದುಕೊಳ್ಳಿ.

ರಾಮಚಂದ್ರ: ಫೈಲಿನಲ್ಲಿ ಬರೆದೆ. ಆದರೂ ಆ 47, 38ರ ಲೆಕ್ಕದಲ್ಲಿ ತಲೆನೋವಿನವರನ್ನೂ ಕಾಲು ಮುರಿದವರನ್ನೂ ಒಟ್ಟಿಗೆ ಸೇರಿಸಿದ್ದಾರೋ ಹೇಗೆ, ವಿನಯ್, ಮೊದಲು ಅದನ್ನು ಹೇಳು.