ವೃದ್ಧಾಶ್ರಮದ ಮ್ಯಾನೇಜರ್ ದಿನವಿಡೀ ಮಾಡುವುದಾದರೂ ಏನು?

ಪ್ರಶ್ನೆ: ಐದು ವರ್ಷದಿಂದ ವೃದ್ಧಾಶ್ರಮದಲ್ಲಿ ಆರೈಕೆ ಕೆಲಸ ಮಾಡುತ್ತಿದ್ದೇನೆ. ಈಗ ಮ್ಯಾನೇಜರ್ ಆಗ್ತೀರಾ ಅಂತ ಕೇಳಿದ್ದಾರೆ. ಸುಮ್ನೆ ಫೈಲು, ಡ್ಯೂಟಿ ಚಾರ್ಟು ನೋಡಿಕೊಂಡು ಕೂರುವ ಕೆಲಸವಾ?

ಉತ್ತರ 1: ಫೈಲು ಜಾಸ್ತಿನೇ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಒಬ್ಬ ಅಜ್ಜಿ ಒಂದೇ ತಿಂಗಳಲ್ಲಿ ಮೂರು ಸಲ ಬಿದ್ದರು ಅಂದರೆ ಬರೆದಿಟ್ಟು ಸುಮ್ಮನಾಗುವ ಹಾಗಿಲ್ಲ. ಎಷ್ಟು ಗಂಟೆಗೆ ಬಿದ್ದರು, ರಾತ್ರಿ ಬಾತ್‌ರೂಮಿಗೆ ಹೋಗುವಾಗಲಾ, ಚಪ್ಪಲಿ ಸಡಿಲ ಇತ್ತಾ, ಕನ್ನಡಕ ಹಾಕಿದ್ದರಾ, ಹೊಸ ಮಾತ್ರೆ ಶುರುವಾದ ಮೇಲಾ ಅಂತ ಹುಡುಕಬೇಕು. ನಿದ್ದೆ ಮಾತ್ರೆ, ಬಿಪಿ ಮಾತ್ರೆಯಿಂದ ತಲೆ ಸುತ್ತಿ ಬೀಳುವವರು ಇರುತ್ತಾರೆ. ಡಾಕ್ಟರಿಗೆ ಹೇಳಿ ಔಷಧಿಗಳನ್ನು ಮತ್ತೊಮ್ಮೆ ನೋಡಿಸುವುದು ನಿಮ್ಮ ತಲೆಗೇ.

ಉತ್ತರ 2: ಅಲ್ಲಿರುವ ಹಿರಿಯರ ಮನೆಯವರ ಸಿಟ್ಟೂ ನಿಮ್ಮ ಪಾಲಿಗೇ. ನಿನ್ನೆವರೆಗೆ ಜೊತೆಗೆ ಡ್ಯೂಟಿ ಮಾಡಿದವರು ಹಿರಿಯರ ಮೇಲೆ ಕೂಗಾಡಿದರೆ ಕರೆದು ಕೇಳಬೇಕಾಗುತ್ತದೆ. ನನಗೆ ಕಷ್ಟವಾಗಿದ್ದು ಅದೇ.

ಉತ್ತರ 3: ಆಗಾಗ ಹೇಳದೆ ಕೇಳದೆ ರಾತ್ರಿ ಪಾಳಿಗೆ ಹೋಗಿ. ಹಾಸಿಗೆ ಹಿಡಿದವರನ್ನು ರಾತ್ರಿ ಮಗ್ಗುಲು ಬದಲಿಸದೆಯೇ, ಬದಲಿಸಿದ್ದೇವೆ ಅಂತ ಬೆಳಿಗ್ಗೆ ಚಾರ್ಟಿನಲ್ಲಿ ಒಟ್ಟಿಗೆ ಟಿಕ್ ಹಾಕುವವರು ಇದ್ದಾರೆ. ಒಂದೇ ಕಡೆ ಮಲಗಿ ಬೆನ್ನಲ್ಲಿ ಹುಣ್ಣಾದ ಮೇಲೆ ಗೊತ್ತಾದರೆ ಏನು ಬಂತು?

ಪ್ರಶ್ನೆ ಕೇಳಿದವರು: ರಾತ್ರಿ ಪಾಳಿ ಮಾತು ನಿಜ, ನಾನೂ ನೋಡಿದ್ದೇನೆ. ಒಂದು ವಾರ ಟೈಮ್ ಕೇಳಿದ್ದೇನೆ.