ಅಪ್ಪನ ಕುತ್ತಿಗೆ ಹೊಲಿಗೆಯಿಂದ ಎಂಜಲು ಸೋರುತ್ತಿದೆ. ಕರೆಂಟ್ (ರೇಡಿಯೇಷನ್) ಕೊಡಿಸಿದ್ದು ತಪ್ಪಾಯ್ತಾ?

ದಾವಣಗೆರೆ ಮಗಳು:
ಅಪ್ಪನಿಗೆ 61. ಅನ್ನನಾಳದ ಕ್ಯಾನ್ಸರ್. ಐದು ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ ಆಯಿತು. ಆರು ವಾರ ಬಿಟ್ಟು ಆಪರೇಷನ್ ಮಾಡಿದರು. ಜಠರವನ್ನೇ ಕೊಳವೆ ಮಾಡಿ ಕುತ್ತಿಗೆವರೆಗೆ ಎಳೆದು ಜೋಡಿಸಿದ್ದಾರೆ. ಆರನೇ ದಿನ ಹೊಲಿಗೆ ಕೆಂಪಾಯಿತು, ಮರುದಿನ ಎಂಜಲು ಬಂತು. ಡಾಕ್ಟರು ಎರಡು ಹೊಲಿಗೆ ಬಿಚ್ಚಿದ್ದಾರೆ. ಬಾಯಿಗೆ ಹನಿ ನೀರೂ ಇಲ್ಲ, ಎಲ್ಲಾ ಹೊಟ್ಟೆಯ ಟ್ಯೂಬಿನಲ್ಲೇ. ಪಕ್ಕದ ಬೆಡ್‌ನವರು ಕಾಫಿ ಫ್ಲಾಸ್ಕ್ ತೆರೆದರೆ ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಾರೆ.
"ಕರೆಂಟ್ ಕೊಡಿಸಿ ಒಳಗೆಲ್ಲ ಸುಟ್ಟಿರಿ, ಅದಕ್ಕೇ ಹೊಲಿಗೆ ಹಿಡಿದಿಲ್ಲ" ಅಂತ ಚಿಕ್ಕಪ್ಪ ಹೇಳುತ್ತಿದ್ದಾರೆ. ಸಹಿ ಹಾಕಿದ್ದು ನಾನು. ರಾತ್ರಿ ನಿದ್ದೆ ಬರುತ್ತಿಲ್ಲ.

ಐಸಿಯು ನರ್ಸ್:
ತಂಗಿ, ಆ ಸಹಿ ತಪ್ಪಲ್ಲ. ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಕ್ರಾಸ್ ಟ್ರಯಲ್ ಅಂತ, 2012ರಲ್ಲಿ ಫಲಿತಾಂಶ ಬಂತು. ಬರೀ ಆಪರೇಷನ್ ಆದವರಲ್ಲಿ ನೂರಕ್ಕೆ 30 ಜನರಿಗೆ ಜೋಡಣೆ ಸೋರಿತ್ತು. ಕೀಮೋ, ರೇಡಿಯೇಷನ್ ಮೊದಲು ಪಡೆದವರಲ್ಲಿ 22. ಅಂದರೆ ಸೋರಿಕೆ ಜಾಸ್ತಿ ಆಗಲಿಲ್ಲ. ಅರ್ಧದಷ್ಟು ಜನ ಬದುಕಿದ್ದ ಕಾಲ ಮಾತ್ರ 24 ತಿಂಗಳಿಂದ 49ಕ್ಕೆ ಏರಿತು.
ಎಳೆದು ತಂದ ಜಠರದ ತುದಿಗೆ ರಕ್ತ ಕಡಿಮೆ ತಲುಪುತ್ತದೆ. ಸೋರಲು ಅದು ದೊಡ್ಡ ಕಾರಣ. ಕುತ್ತಿಗೆಯಲ್ಲಿ ಸೋರಿದ್ದು ಸಾಮಾನ್ಯವಾಗಿ ಹೊರಗೆ ಬಂದುಬಿಡುತ್ತದೆ. ಎದೆಯೊಳಗೆ ಸೋರಿದರೆ ಹೆದರಬೇಕು. ಜ್ವರ, ಉಸಿರಾಟದ ತೊಂದರೆ, ಎದೆನೋವು, ನಾಡಿ ಓಟ, ಯಾವುದು ಕಂಡರೂ ಕೂಡಲೇ ಡ್ಯೂಟಿ ಡಾಕ್ಟರನ್ನು ಕರೆಯಿರಿ. ಎದೆಯ ಡ್ರೈನ್‌ನಲ್ಲಿ ಹಾಲಿನಂಥ ನೀರು ಬಂದರೂ ಹೇಳಿ. ಉಸಿರು ಎಳೆಯುವ ಮೂರು ಚೆಂಡಿನ ಡಬ್ಬಿ ಕೊಟ್ಟಿರುತ್ತಾರಲ್ವಾ, ಅದರಲ್ಲಿ ಉಸಿರು ಒಳಗೆ ಎಳೆಸುತ್ತಾ ಇರಿ. ನ್ಯುಮೋನಿಯಾ ತಡೆಯಲು ಅದೂ ನೆರವಾಗಬಹುದು.

ಹಾಸನ ಅಣ್ಣ:
ನಮ್ಮಮ್ಮನಿಗೂ ಹೀಗೇ ಆಗಿತ್ತು. ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುತ್ತಿದ್ದೆ. ಹತ್ತೊಂಬತ್ತನೇ ದಿನ ಒಣಗಿತು. ಎರಡು ತಿಂಗಳಾದ ಮೇಲೆ ಗಂಜಿಯೂ ಸಿಕ್ಕಿಕೊಳ್ಳತೊಡಗಿತು. ಜೋಡಣೆ ಕಿರಿದಾಗಿದೆ ಅಂದರು. ಎಂಡೋಸ್ಕೋಪಿಯಲ್ಲಿ ಮೂರು ಸಲ ಹಿಗ್ಗಿಸಿದರು. ಸೋರಿದವರಿಗೆ ಇದು ಜಾಸ್ತಿಯಂತೆ. ಸಿಕ್ಕಿಕೊಂಡರೆ ಸುಮ್ನೆ ಕಾಯಬೇಡಿ, ತಕ್ಷಣ ತೋರಿಸಿ.

ದಾವಣಗೆರೆ ಮಗಳು:
ನರ್ಸಕ್ಕಾ, ನಿಮ್ಮ ಮಾತನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಆದರೆ ಇವತ್ತು ಅಪ್ಪನ ಪಕ್ಕ ಕೂತು ಚೆಂಡಿನ ಡಬ್ಬಿ ಅವರೇ ಹಿಡಿದಿದ್ದರು. ಎರಡು ಚೆಂಡು ಮೇಲೆದ್ದವು. ಬಟ್ಟೆ ನಿನ್ನೆಗಿಂತ ಕಡಿಮೆ ಒದ್ದೆ ಇದೆ.